ಜಿ.ಪಿ.ಎಲ್. ಲೈಸೆನ್ಸಿನ ಅಪವಾದವಾಕ್ಯ

ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪತ್ರವನ್ನು ನ್ಯಾಯವಾದಿಗಳಿಗೆ ಮಾತ್ರ ಮೀಸಲಾದ ಬರಹವೆಂದು ಬದಿಗಿಡುವುದು ಯುಕ್ತವಲ್ಲ. ಉತ್ಸರ್ಗಾಪವಾದಗಳ ಕ್ರಮದಿಂದ ಅರ್ಥವಿಸಬೇಕಾದ ಗ್ರಂಥಗಳಲ್ಲಿ ಅದೂ ಒಂದು. 1991ರ ಜೂನ್ ತಿಂಗಳಲ್ಲಿ ಹೊರಟ ಅದರ ಎರಡನೆಯ ಪಾಠದ ಮೂರನೆಯ ಪ್ರಕರಣವು ವಿಶೇಷವಾಗಿ ವಿಚಾರಾರ್ಹವಾದುದು.

ಉತ್ಸರ್ಗವು ಸ್ಪಷ್ಟವಾಗಿದೆ. ತಂತ್ರಾಂಶವನ್ನು ಯಂತ್ರರೂಪದಲ್ಲಿ ಹಂಚುವವನು ಅದರ ಸಮಗ್ರ ಮೂಲವನ್ನು, ಒಳಗೊಂಡ ಸಮಸ್ತ ಭಾಗಗಳ ಮೂಲದೊಡನೆ, ಅದೇ ನಿಬಂಧನೆಗಳ ಮೇರೆಗೆ ಒದಗಿಸತಕ್ಕದ್ದು. ಆಪರೇಟಿಂಗ್ ಸಿಸ್ಟಂನ ಕಂಪೈಲರ್, ಕರ್ನಲ್ ಮೊದಲಾದ ಪ್ರಧಾನಾಂಗಗಳೊಡನೆ ಸಾಮಾನ್ಯವಾಗಿ ಹಂಚಲ್ಪಡುವ ಭಾಗಗಳಿಗೆ ಈ ವಿಧಿಯಿಲ್ಲವೆಂಬುದು ಅಪವಾದ. ಆದರೆ ಆ ಭಾಗವು ತಂತ್ರಾಂಶದ ಜೊತೆಯಲ್ಲಿಯೇ ಬಂದರೆ ಅಪವಾದವು ನಿಲ್ಲುವುದಿಲ್ಲ. ಮೀಮಾಂಸಕರು ಇದನ್ನು ಪ್ರತಿಪ್ರಸವವೆನ್ನುತ್ತಿದ್ದರು. ಇಷ್ಟು ಸೂಕ್ಷ್ಮವಾದ ರಚನೆಯಲ್ಲಿ ‘ಸಾಮಾನ್ಯವಾಗಿ’ ಎಂಬ ಸಡಿಲವಾದ ಪದವನ್ನು ಕರ್ತೃಗಳು ಹೇಗೆ ಉಳಿಸಿದರೋ ಆಶ್ಚರ್ಯವೇ ಸರಿ.

ಈ ವಾಕ್ಯದ ಪರೀಕ್ಷೆ ನಡೆದುದು ಕೆ.ಡಿ.ಇ. ಪ್ರಸಂಗದಲ್ಲಿ. 1996ರಲ್ಲಿ ಮತ್ಥಿಯಾಸ್ ಎಟ್ರಿಖ್ ಆರಂಭಿಸಿದ ಈ ಕಾರ್ಯವು ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯ ಕ್ಯೂಟ್ ಎಂಬ ಲೈಬ್ರರಿಯನ್ನು ಆಧರಿಸಿತ್ತು. ಕ್ಯೂಟ್ ಅಂದು ಸ್ವತಂತ್ರ ತಂತ್ರಾಂಶವಾಗಿರಲಿಲ್ಲ. ಮೇಲಣ ಕಟ್ಟಡಕ್ಕಾದರೋ ಬಹುಮಟ್ಟಿಗೆ ಜಿ.ಪಿ.ಎಲ್. ಅನ್ನೇ ಆರಿಸಿಕೊಂಡಿದ್ದರು. ಕರ್ತೃವೇ ಕ್ಯೂಟ್‌ಗಾಗಿ ಬರೆದು ಜಿ.ಪಿ.ಎಲ್. ಹಚ್ಚಿದ ಮೇಲೆ, ಎರಡನ್ನೂ ಕೂಡಿಸಲು ಅವನ ಸಮ್ಮತಿ ಅರ್ಥಾತ್ ಸಿದ್ಧವೆಂದು ಕೆ.ಡಿ.ಇ. ಪಕ್ಷದವರು ವಾದಿಸಿದರು. ಈ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ತನ್ನ ಕೃತಿಗೆ ತಾನೇ ಹೆಚ್ಚಿನ ಅನುಮತಿಯನ್ನು ಕೊಡುವ ಅಧಿಕಾರ ಹಕ್ಕುದಾರನಿಗೆ ಇದ್ದೇ ಇದೆ. ಆದರೂ ಕೆ.ಡಿ.ಇ.ಯಲ್ಲಿದ್ದುದೆಲ್ಲವೂ ಸ್ವಂತ ಬರಹವಲ್ಲ. ಕೆ‌ಘೋಸ್ಟ್‌ವ್ಯೂ ಎಂಬುದು ಘೋಸ್ಟ್‌ವ್ಯೂ ಎಂಬ ಪೂರ್ವಕೃತಿಯಿಂದ ಎರವಲು ಪಡೆದದ್ದು. ಕ್ಯೂಟ್‌ನ ಹೆಸರನ್ನೇ ಎತ್ತದ ಪೂರ್ವಕರ್ತೃವಿನ ಸಮ್ಮತಿಯನ್ನು ಊಹಿಸುವುದು ವ್ಯಾಖ್ಯಾನವಲ್ಲ, ಅಧ್ಯಾರೋಪ. ಅರ್ಥಾಪತ್ತಿಗೆ ಇಲ್ಲಿ ಅವಕಾಶವೇ ಇಲ್ಲ.

1998ರ ಅಕ್ಟೋಬರಿನಲ್ಲಿ ಡೆಬಿಯನ್ ಮಂಡಲಿಯವರು ಕೆ.ಡಿ.ಇ.ಯನ್ನು ತಮ್ಮ ಭಂಡಾರದಿಂದ ಹಿಂತೆಗೆದರು. ಇದನ್ನು ಅಕ್ಷರಪ್ರಿಯರ ಹಟವೆಂದು ಹಲವರು ಜರೆದರು. ವಸ್ತುತಃ ಲೈಸೆನ್ಸಿನ ಭಾರ ಬಿದ್ದುದು ಬರೆದವನ ಮೇಲಲ್ಲ, ಹಂಚುವವನ ಮೇಲೆ. ಬರೆದವನು ಬಾಯಿಬಿಟ್ಟು ಹೇಳದ ಅನುಮತಿಯನ್ನು ನಂಬಿ ಹೊಣೆ ಹೊರಬೇಕಾದವನು ಹಂಚುವವನೇ. ಎರಡು ಸಾಲಿನ ಲಿಖಿತ ಅನುಮತಿಯನ್ನು ಹಕ್ಕುದಾರರು ಸೇರಿಸಿದ್ದರೆ ಶಂಕೆಯ ಬಹುಭಾಗ ತೀರುತ್ತಿತ್ತು.

ಹಾಗೆ ಸೇರಿಸಿದ್ದರೂ ಬಳಸುವವನಿಗೆ ದೊರೆತ ಸ್ವಾತಂತ್ರ್ಯ ಎಷ್ಟರದೆಂಬ ಪ್ರಶ್ನೆ ಉಳಿಯುತ್ತಿತ್ತು. ಮೇಲಣ ತಂತ್ರಾಂಶವನ್ನು ತಿದ್ದಬಹುದು, ಹಂಚಬಹುದು. ಅದು ನಿಂತ ನೆಲವನ್ನು ಮುಟ್ಟುವಂತಿಲ್ಲ. ಈ ಕೊರತೆಯನ್ನು ನೀಗಲೆಂದೇ 1997ರಲ್ಲಿ ಗ್ನೋಮ್ ಎಂಬ ಪ್ರತಿಕಾರ್ಯ ಹುಟ್ಟಿತು. ಟ್ರೋಲ್‌ಟೆಕ್‌ನವರು ಮೊದಲು ಕ್ಯೂ.ಪಿ.ಎಲ್. ಎಂಬ ಬೇರೊಂದು ಲೈಸೆನ್ಸನ್ನು ರಚಿಸಿದರು. ಅದು ಸ್ವತಂತ್ರವೆನಿಸಿಕೊಂಡರೂ ಜಿ.ಪಿ.ಎಲ್. ಜೊತೆ ಹೊಂದಲಿಲ್ಲ. 2000ದ ಸೆಪ್ಟೆಂಬರಿನಲ್ಲಿ ಕ್ಯೂಟ್ 2.2 ಜಿ.ಪಿ.ಎಲ್. ಮೇರೆಗೂ ದೊರೆತಾಗ ವಿವಾದದ ಬೇರು ಕಡಿಯಿತು. ಪರಿಹಾರ ಬಂದುದು ಮೇಲಿನವರ ಆಯ್ಕೆಯಿಂದಲ್ಲ, ಕೆಳಗಿನವರ ಮನಸ್ಸು ತಿರುಗಿದ್ದರಿಂದ.

2007ರ ಮೂರನೆಯ ಪಾಠದ ಏಳನೆಯ ಪ್ರಕರಣವು ಹೆಚ್ಚಿನ ಅನುಮತಿಗಳನ್ನು ಬಾಯಿಬಿಟ್ಟು ಅಂಗೀಕರಿಸಿತು. ಆದರೆ ಪ್ರತಿಯನ್ನು ಮುಂದೆ ಸಾಗಿಸುವವನು ಆ ಅನುಮತಿಯನ್ನು ತನ್ನ ಪ್ರತಿಯಿಂದ ತೆಗೆದುಹಾಕಲೂಬಹುದೆಂದು ಅದೇ ಪ್ರಕರಣ ವಿಧಿಸುತ್ತದೆ. ಸ್ವಾಮ್ಯದ ಲೈಬ್ರರಿಯನ್ನು ನಂಬಿದ ಕೃತಿಯಿಂದ ಅದನ್ನು ತೆಗೆದರೆ, ಆ ಪ್ರತಿಯನ್ನು ಪಡೆದವನು ಅದನ್ನು ಓದಬಲ್ಲ, ತಿದ್ದಬಲ್ಲ. ಲೈಬ್ರರಿಯೊಡನೆ ಕೂಡಿಸಿ ನೆರೆಯವನಿಗೆ ಕೊಡಲಾರ.