ದಾರಿಹೋಕನ ಕಣ್ಣು

ಬಡದೇಶವೊಂದನ್ನು ಸುತ್ತಿಬಂದು ಗ್ರಂಥ ಬರೆದವರ ಮೇಲೆ ಆ ದೇಶದವರು ಸಿಟ್ಟಾಗುವದು ಹೊಸತಲ್ಲ. 1927ರಲ್ಲಿ ಅಮೇರಿಕೆಯ ಕ್ಯಾಥರೀನ್ ಮೇಯೊ ಎಂಬಾಕೆ ‘ಮದರ್ ಇಂಡಿಯಾ’ವನ್ನು ಪ್ರಕಟಿಸಿದಾಗ ಗಾಂಧೀಜಿಯವರು ಅದನ್ನು ಗಟಾರದ ತಪಾಸಣೆಗೆ ಬಂದವರ ವರದಿಯೆಂದು ಕರೆದರು. ಲಾಲಾ ಲಜಪತರಾಯರು ಮರುವರ್ಷವೇ ಒಂದು ಗ್ರಂಥದಷ್ಟು ಉದ್ದದ ಉತ್ತರ ಕೊಟ್ಟರು. ಆದರೆ ಅದೇ ಲೇಖನದಲ್ಲಿ ಗಾಂಧೀಜಿಯವರು ಇನ್ನೊಂದು ಮಾತನ್ನೂ ಆಡಿದ್ದಾರೆ. ಇದು ಪರದೇಶದವರ ಕೈಗೆ ಕೊಡತಕ್ಕ ಪುಸ್ತಕವಲ್ಲ, ಭಾರತೀಯನಾದರೆ ಓದಿ ಒಂದಿಷ್ಟು ಪ್ರಯೋಜನ ಪಡೆಯಬಹುದು ಎಂಬದು ಅದರ ತಾತ್ಪರ್ಯ. ಗಟಾರವೇ ಇಲ್ಲವೆಂದು ಅವರು ವಾದಿಸಲಿಲ್ಲ. ಆಗಿನ ಗದ್ದಲದಲ್ಲಿ ಈ ಎರಡನೆಯ ಮಾತು ಬಹುಮಂದಿಗೆ ಮರೆತುಹೋಯಿತು.

ಇದನ್ನು ನೆನಪಿನಲ್ಲಿಟ್ಟು ವಿ. ಎಸ್. ನೈಪಾಲರ ಗ್ರಂಥಗಳನ್ನು ಓದಬೇಕು. ನೈಪಾಲರು (1932–2018) ಟ್ರಿನಿಡಾಡಿನಲ್ಲಿ ಹುಟ್ಟಿದವರು. ಕರಾರಿನ ಕೂಲಿಗಳಾಗಿ ಕಡಲು ದಾಟಿದ ನಮ್ಮವರ ಸಂತತಿ. 1962ರಲ್ಲಿ ಪೂರ್ವಜರ ನಾಡನ್ನು ನೋಡಬಂದು, ಒಂದು ವರ್ಷದಷ್ಟು ಕಾಲ ಇದ್ದು, 1964ರಲ್ಲಿ ‘ಆ್ಯನ್ ಏರಿಯಾ ಆಫ್ ಡಾರ್ಕ್‌ನೆಸ್’ ಬರೆದರು. ಬಯಲುಶೌಚ, ಹೊಲಸು, ದಾರಿದ್ರ್ಯ, ಇವೆಲ್ಲ ಅದರಲ್ಲಿವೆ. ಸುಳ್ಳೇನಲ್ಲ. ಮುಂಬಯಿಯ ಕವಿ ನಿಸಿಮ್ ಎಝೆಕಿಯೆಲ್ಲರು 1965ರಲ್ಲಿ ಇದಕ್ಕೆ ಬರೆದ ಉತ್ತರದಲ್ಲಿ ಅವರ ತಕರಾರು ನೈಪಾಲರು ಕಂಡದ್ದರ ಮೇಲಿಲ್ಲ. ಕಂಡದ್ದರೊಡನೆ ಅವರಿಗೆ ಯಾವ ನಂಟೂ ಇಲ್ಲದಿರುವದರ ಮೇಲಿದೆ.

ಕನ್ನಡಿಗರಾದ ನಮಗೆ ಹೆಚ್ಚು ಸಂಬಂಧಪಟ್ಟದ್ದು 1977ರ ‘ಇಂಡಿಯಾ: ಎ ವೂಂಡೆಡ್ ಸಿವಿಲೈಜೇಶನ್’. ಅದರ ಆರಂಭದಲ್ಲಿಯೇ ಹಂಪೆಯ ಹಾಳುಗಳಿವೆ. ಮುಂದೆ ಅನಂತಮೂರ್ತಿಯವರ ‘ಸಂಸ್ಕಾರ’ವಿದೆ. ಆ ಕಾದಂಬರಿ 1965ರಲ್ಲಿ ಹೊರಬಂದಿತು, ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ 1976ರದು. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಿರಲು, ಸಂಸ್ಕಾರ ಮಾಡತಕ್ಕವರು ಯಾರೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಪುಸ್ತಕಗಳಲ್ಲಿ ಉತ್ತರ ಹುಡುಕುವ ಕಥೆಯನ್ನು ನಮ್ಮ ವಾಚಕರು ಬಲ್ಲರು. ಅಗ್ರಹಾರದ ಜಡತೆಯನ್ನು ಅಲ್ಲಿಯೇ ಬೆಳೆದವನೊಬ್ಬನು ನಿಷ್ಠುರವಾಗಿ ವಿಚಾರಣೆಗೆ ಎಳೆದ ಕೃತಿ ಅದು. ನೈಪಾಲರಿಗಾದರೋ ಅದು ಹಿಂದೂ ಸಮಾಜದ ಅನಾಗರಿಕತೆಗೆ ದೊರೆತ ಒಂದು ದಾಖಲೆ. ಅಷ್ಟೇ ಅಲ್ಲ, ಲೇಖಕನು ಅದನ್ನು ಅರಿತು ಚಿತ್ರಿಸಿದನೋ ಅರಿಯದೆ ಚಿತ್ರಿಸಿದನೋ ಎಂಬ ಸಂಶಯವನ್ನೂ ಅವರು ತೇಲಿಬಿಡುತ್ತಾರೆ. ನಮ್ಮ ಆಕ್ಷೇಪ ಇಲ್ಲಿ. ತೀರ್ಪು ಕೊಟ್ಟವನನ್ನು ಕಟಕಟೆಗೆ ಕರೆತಂದು ಸಾಕ್ಷಿಯಾಗಿ ನಿಲ್ಲಿಸಿ, ಅವನಿಗೆ ತನ್ನ ಮಾತಿನ ಅರ್ಥ ತಿಳಿದಿತ್ತೋ ಇಲ್ಲವೋ ಎಂದು ಕೇಳಿದ ಹಾಗಾಯಿತು. ಉಮರ್ಗಾದ ನೆರೆಯಲ್ಲಿಯೇ ಇರುವ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರು ತಮ್ಮ ಸಮಾಜವನ್ನು ಝಾಡಿಸಿದ್ದಕ್ಕಿಂತ ಕಟುವಾಗಿ ನೈಪಾಲರೇನೂ ಬರೆದಿಲ್ಲ. ಬಡವರಿಗೆ ತಮ್ಮ ಹುಣ್ಣು ಕಾಣದು, ಹೊರಗಿನವನೇ ಬಂದು ತೋರಿಸಬೇಕು ಎಂಬ ಪೂರ್ವಗ್ರಹಕ್ಕೆ ಇಂಥ ಒಂದು ಪುಸ್ತಕವೇ ಉತ್ತರವಾಗಿದ್ದಿತು. ಅದನ್ನೇ ಅವರು ತಿರುವಿ ಹಿಡಿದರು.

ಈ ದೋಷ ದೊಡ್ಡ ಗ್ರಂಥಗಳಲ್ಲಿ ಮಾತ್ರ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನರ ಮೇಲೆ ಮನೆಗಳು ಕುಸಿದವು. ಔಸಾ ತಾಲೂಕಿನ ಕಿಲ್ಲಾರಿಯಲ್ಲಿಯೂ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರಿನಲ್ಲಿಯೂ, ಸುತ್ತಲಿನ ಹಳ್ಳಿಗಳಲ್ಲಿಯೂ ಸಾವಿರಾರು ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಇವೇ ಕೊಂದವು ಎಂದವರು ಸುಳ್ಳು ಹೇಳಲಿಲ್ಲ. ಆದರೆ ಅದನ್ನು ಹಳ್ಳಿಗರ ಮೌಢ್ಯವೆಂದು ತಿಳಿದವರು ಎರಡು ಪ್ರಶ್ನೆ ಕೇಳಬೇಕಾಗಿತ್ತು. ಆ ಗೋಡೆ ಏಕೆ? ಕರಿಕಲ್ಲು ಕಾಲಬುಡದಲ್ಲಿಯೇ ಸಿಗುತ್ತದೆ, ಕಟ್ಟಿಗೆ ದುಬಾರಿ, ಚೈತ್ರ-ವೈಶಾಖಗಳ ಬಿಸಿಲಿಗೆ ದಪ್ಪ ಗೋಡೆಯೇ ತಂಪು. ಮಾಳಿಗೆ ಸೋರಬಾರದೆಂದು ಮೇಲೆ ಮೇಲೆ ಮಣ್ಣು ಹಾಕುತ್ತ ಭಾರ ಬೆಳೆಯಿತು. ಭೂಕಂಪದ ಅಂಜಿಕೆ ಏಕಿರಲಿಲ್ಲ? ಸರಕಾರದ ನಕಾಶೆಯೇ ಈ ನೆಲವನ್ನು ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿ ಹಾಕಿತ್ತು. ವಿದ್ವಾಂಸರಿಗೆ ತಿಳಿಯದ್ದು ಒಕ್ಕಲಿಗನಿಗೆ ತಿಳಿದಿರಬೇಕಿತ್ತೆನ್ನುವದು ಯಾವ ನ್ಯಾಯ?

ಹೊರಗಿನವರೆಲ್ಲ ಹೀಗೆಯೇ ಎಂದು ನಾನು ಹೇಳಲಾರೆ. ಸೋಲಾಪುರ–ಹೈದರಾಬಾದ ಹೆದ್ದಾರಿಯಲ್ಲಿ ನಮ್ಮವರು ದಾಟಿಹೋಗುವ ನಳದುರ್ಗದಲ್ಲಿ 1853ರಿಂದ 1857ರ ವರೆಗೆ ಮೆಡೋಸ್ ಟೇಲರರು ಅಧಿಕಾರಿಯಾಗಿದ್ದರು. ಅವರು ದೋಷರಹಿತರಲ್ಲ, ಅವರ 1839ರ ಠಗ್ಗರ ಕಾದಂಬರಿ ಈ ದೇಶದ ದಾರಿಗಳೆಲ್ಲ ಕೊರಳುಪಾಶದ ದಾರಿಗಳೆಂಬ ಭಯವನ್ನು ಇಂಗ್ಲಿಷ್ ಓದುಗರಲ್ಲಿ ಬಿತ್ತಿತು. ಆಳುವವರ ನೌಕರರೂ ಆಗಿದ್ದರು. ಆದರೂ ಅವರು ತೀರಿಕೊಂಡ ಮೇಲೆ 1877ರಲ್ಲಿ ಹೊರಬಂದ ಅವರ ಆತ್ಮಚರಿತ್ರೆಯಲ್ಲಿ ಈ ಸೀಮೆ ಬರಿಯ ದೃಶ್ಯವಾಗಿ ಕಾಣಿಸುವದಿಲ್ಲ. ಭೂಮಿಯ ಮೋಜಣಿ, ಕಂದಾಯದ ಏರ್ಪಾಡು ಅವರ ಪಾಲಿಗೆ ಬಂದಿದ್ದವು. ರೈತನೊಬ್ಬನು ಏಕೆ ಬಡವನೆಂದು ಕೇಳದೆ ಆ ಕೆಲಸ ಸಾಗುವಂತಿರಲಿಲ್ಲ. ಸಹೃದಯತೆ ಅವರಿಗೆ ಹುಟ್ಟುಗುಣವೋ, ಕೆಲಸದಿಂದ ಬಂದದ್ದೋ. ಎರಡನೆಯದೆಂದೇ ನನ್ನ ಊಹೆ.

ನಿಲಂಗಾ, ಉದಗೀರ ತಾಲೂಕುಗಳು 1956ರಲ್ಲಿ ಬೀದರ ಜಿಲ್ಲೆಯಿಂದ ಬೇರ್ಪಟ್ಟವು. ಅಂದಿನಿಂದ ಬೆಂಗಳೂರಿನ ಕಡೆಯಿಂದ ಬರುವ ಸ್ವಭಾಷಿಕರೂ ನಮ್ಮನ್ನು ಕನಿಕರದಿಂದಲೇ ನೋಡುವದುಂಟು. ಅದಕ್ಕಿಂತ ಚಿಂತೆಯ ಸಂಗತಿ ನಮ್ಮ ಮಕ್ಕಳ ಪಟ್ಟಿಯಲ್ಲಿದೆ. ‘ನಮ್ಮ ಊರು’ ಎಂಬ ನಿಬಂಧದ ಮೊದಲ ವಾಕ್ಯವೇ ‘ನಮ್ಮ ಭಾಗವು ಹಿಂದುಳಿದ, ಬರಗಾಲದ ಪ್ರದೇಶ’ ಎಂದಿರುತ್ತದೆ; ಮಾಂಜರಾ, ತೇರಣಾ ಹೊಳೆಗಳ ಹೆಸರು ಎರಡನೆಯ ಪುಟದಲ್ಲಿಯೂ ಬರುವದಿಲ್ಲ. ದಾರಿಹೋಕನ ಕಣ್ಣು ಮನೆಯೊಳಗೆ ಬಂದು ಕುಳಿತಿದೆ. ಆ ವಾಕ್ಯವನ್ನು ಹೊಡೆದುಹಾಕದೆ, ಬದಿಗೆ ಕೆಂಪು ಶಾಯಿಯಲ್ಲಿ ‘ಏಕೆ?’ ಎಂದು ಬರೆದುಕೊಟ್ಟರೆ ಮರುವಾರ ಬಾವಿಯ ಮಾತು ಬರುತ್ತದೆ, ಪುಣೆಗೆ ದುಡಿಯಲು ಹೋದ ಅಣ್ಣನ ಮಾತು ಬರುತ್ತದೆ, ಕಬ್ಬಿನ ಮಾತೂ ಬರುತ್ತದೆ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ಬಂದ ನೀರಿನ ರೈಲಿನ ಚಿತ್ರವನ್ನು ದೇಶವೆಲ್ಲ ನೋಡಿತು. ಕಬ್ಬಿಗೆ ಹೋದ ನೀರು ಎಷ್ಟೆಂಬದು ಆ ಚಿತ್ರದಲ್ಲಿ ಕಾಣುವಂಥದಲ್ಲ.