ಕೆರೆಯ ಆರು ದೋಷಗಳು: ಪೋರುಮಾಮಿಳ್ಳ ಶಾಸನದ ಒಂದು ವಿಮರ್ಶೆ

ದಕ್ಷಿಣ ಭಾರತದ ನೀರಾವರಿಯ ಇತಿಹಾಸವನ್ನು ಬರೆದವರಲ್ಲಿ ಪೋರುಮಾಮಿಳ್ಳ ಶಾಸನವನ್ನು ಹೊಗಳದವರು ವಿರಳ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಭವದೂರನೆಂಬುದು ಅವನ ಇನ್ನೊಂದು ಹೆಸರು. ಆ ಕೆರೆಯ ಸಂಸ್ಕೃತ ಶಾಸನವು ಶಕ 1291ಕ್ಕೆ, ಎಂದರೆ ಕ್ರಿ. ಶ. 1369ಕ್ಕೆ, ಸೇರಿದುದು. ದಿನಕ್ಕೆ ಸಾವಿರ ಆಳುಗಳು ದುಡಿದರೆಂದೂ ಕೆಲಸಕ್ಕೆ ಎರಡು ವರ್ಷ ಹಿಡಿಯಿತೆಂದೂ ಅದು ಹೇಳುತ್ತದೆ. ಆದರೆ ಅದರ ಕೀರ್ತಿಗೆ ಕಾರಣ ಈ ಸಂಖ್ಯೆಗಳಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಕ್ರಮವಾಗಿ ಎಣಿಸುತ್ತದೆ. ಈ ಹೊಗಳಿಕೆ ನ್ಯಾಯವಾದುದೇ. ಶಾಸನದ ದೋಷಕಲ್ಪನೆ ಪೂರ್ಣವಾದುದೇ ಎಂಬ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ.

ಸಾಧನಗಳ ಪಟ್ಟಿ ಧರ್ಮವಂತನೂ ಧನಿಕನೂ ಕೀರ್ತಿಕಾಮಿಯೂ ಆದ ಅರಸನಿಂದ ಮೊದಲಾಗುತ್ತದೆ. ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ಜೇಡಿನೆಲ, ಸಿಹಿನೀರಿನ ಹೊಳೆ, ಏರಿಗೆ ಒದಗುವ ಬೆಟ್ಟ, ಕಲ್ಲಿನ ಗಣಿ, ಸಮೀಪದ ಸಮತಟ್ಟಾದ ಹೊಲಗಳು ಮುಂತಾದುವನ್ನು ಹೇಳಿ, ಕೆರೆ ಕಟ್ಟುವ ಕಲೆಯಲ್ಲಿ ನುರಿತ ಜನರ ತಂಡದಲ್ಲಿ ಅದು ಮುಗಿಯುತ್ತದೆ. ದೋಷಗಳು ಇವು: ಏರಿಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ಅಚ್ಚುಕಟ್ಟು ಹೆಚ್ಚಾಗಿರುವುದು, ನೀರು ಹೆಚ್ಚಾಗಿ ಅಚ್ಚುಕಟ್ಟು ಕಡಮೆಯಾಗಿರುವುದು.

ಈ ಆರರಲ್ಲಿ ಐದು, ಸ್ಥಳದಲ್ಲಿ, ಕಟ್ಟಡದಲ್ಲಿ ಅಥವಾ ಪ್ರಮಾಣದಲ್ಲಿ ಇರುವ ದೋಷಗಳು. ಕಟ್ಟುವವನು ಎಚ್ಚರದಿಂದಿದ್ದರೆ ಇವನ್ನು ಬಹುಮಟ್ಟಿಗೆ ತಪ್ಪಿಸಬಲ್ಲನು. ಗಡಿಯ ದೋಷವೊಂದೇ ಮನುಷ್ಯರ ಆಳಿಕೆಗೆ ಸಂಬಂಧಿಸಿದುದು. ಕೆರೆಯನ್ನು ಬಳಸುವವರಿಂದ, ದಿನದಿನದ ಬಳಕೆಯಲ್ಲಿಯೇ ಹುಟ್ಟುವ ದೋಷ ಒಂದೂ ಪಟ್ಟಿಯಲ್ಲಿಲ್ಲ. ಸಾಧನಗಳಲ್ಲಿ ಅರಸನಿದ್ದಾನೆ, ಪಂಡಿತನಿದ್ದಾನೆ, ಕಟ್ಟುವವರಿದ್ದಾರೆ. ಉಳುವವನಿಲ್ಲ, ನೀರು ಬಿಡುವವನಿಲ್ಲ, ಬೆಸ್ತನಿಲ್ಲ.

ಈ ಕೊರತೆ ಎಷ್ಟು ದೊಡ್ಡದೆಂಬುದನ್ನು ಅದೇ ಆಂಧ್ರದೇಶದ ಕೊಲ್ಲೇರು ಸರೋವರದ ಒರೆಗಲ್ಲಿನಲ್ಲಿ ತಿಕ್ಕಿ ನೋಡಬಹುದು. ಕೊಲ್ಲೇರು ಯಾವ ಅರಸನೂ ಕಟ್ಟಿಸಿದುದಲ್ಲ. ಕೃಷ್ಣಾ ಮತ್ತು ಗೋದಾವರಿ ನದೀಮುಖಭೂಮಿಗಳ ನಡುವಿನ ತಗ್ಗಿನಲ್ಲಿ ತಾನಾಗಿ ನಿಂತ ಸಿಹಿನೀರು. ಬುಡಮೇರು, ತಮ್ಮಿಲೇರು ಮೊದಲಾದ ತೊರೆಗಳು ಅದನ್ನು ತುಂಬುತ್ತವೆ. ಉಪ್ಪುಟೇರು ಅದರ ನೀರನ್ನು ಬಂಗಾಳ ಕೊಲ್ಲಿಗೆ ಒಯ್ಯುತ್ತದೆ. ಸುತ್ತಣ ಹಳ್ಳಿಗಳ ಬೆಸ್ತರಿಗೆ ಅದೇ ಜೀವನಾಧಾರ. ಕಟ್ಟಿದ ಕೆರೆಗೂ ತಾನಾಗಿ ನಿಂತ ಸರೋವರಕ್ಕೂ ಭೇದವುಂಟೆಂಬುದು ನಿಜ. ಆದರೂ ಬಳಕೆಯಿಂದ ಬರುವ ದೋಷವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಲಾಶಯಗಳು ಹೆಚ್ಚಿಲ್ಲ.

ಶಾಸನಕಾರನ ಕಣ್ಣಿನಲ್ಲಿ ನೀರು ಯಾವಾಗಲೂ ಕೆರೆಯಿಂದ ಹೊಲಕ್ಕೆ ಹರಿಯುತ್ತದೆ. ಕೊಲ್ಲೇರಿನಲ್ಲಿ ಅದು ಹೊಲದಿಂದ ಸರೋವರಕ್ಕೆ ಹರಿಯುತ್ತದೆ. ಸುತ್ತಣ ಬತ್ತದ ಗದ್ದೆಗಳ ಬಸಿಗಾಲುವೆಗಳು, ಪೈರು ಹೀರದೆ ಉಳಿದ ಗೊಬ್ಬರದ ಸಾರಜನಕ ರಂಜಕಗಳನ್ನೂ ಕೀಟನಾಶಕದ ಶೇಷವನ್ನೂ ಹೊತ್ತು ತಂದು ಅಲ್ಲಿ ಸುರಿಯುತ್ತವೆ. ಗದ್ದೆಗೆ ಹಾಕಿದ ಗೊಬ್ಬರ ನೀರಿನಲ್ಲಿ ಪಾಚಿಯನ್ನೂ ಅಂತರಗಂಗೆಯ ಕಳೆಯನ್ನೂ ಬೆಳೆಸುತ್ತದೆ. ಅವು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವೆಲ್ಲ ವೆಚ್ಚವಾಗುತ್ತದೆ. ಬೆಳಗಾಗುವ ಮುನ್ನ ಅದು ಅತ್ಯಂತ ಕಡಮೆಯಾಗಿರುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕೊರಮೀನಿನಂಥ ಜಾತಿಗಳು ಅಂಥ ನೀರಿನಲ್ಲಿ ಹೇಗೋ ಬಾಳುತ್ತವೆ. ಉಳಿದುವಕ್ಕೆ ಆ ಸೌಲಭ್ಯವಿಲ್ಲ.

ಹೀಗೆ ಬಡವಾದ ನೀರಿನಲ್ಲಿ ಬಲೆಯ ಒತ್ತಡವೂ ಸೇರಿದರೆ ದೋಷ ಇಮ್ಮಡಿಯಾಗುತ್ತದೆ. ಎಲ್ಲರಿಗೂ ಸೇರಿದ ನೀರಿನಲ್ಲಿ ಇಂದು ತಾನು ಬಿಟ್ಟ ಮರಿಮೀನನ್ನು ನಾಳೆ ಇನ್ನೊಬ್ಬನು ಹಿಡಿಯುವನೆಂಬ ಅಂಜಿಕೆ ಪ್ರತಿಯೊಬ್ಬ ಬೆಸ್ತನಿಗೂ ಇರುವುದು ಸಹಜ. ಆ ಅಂಜಿಕೆಯಿಂದ ಬಲೆಯ ಕಣ್ಣು ಕಿರಿದಾಗುತ್ತದೆ. ಮೊಟ್ಟೆಯಿಡುವ ಮುನ್ನವೇ ಮೀನು ಬುಟ್ಟಿ ಸೇರುತ್ತದೆ. ಹೊಲದವನು ಬೆಸ್ತನನ್ನು ದೂರುತ್ತಾನೆ, ಬೆಸ್ತನು ಹೊಲದವನನ್ನು ದೂರುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ಕೊಲ್ಲೇರಿನ ಮುಂದಿನ ಚರಿತ್ರೆ ಶಾಸನದ ಮೂರನೆಯ ದೋಷಕ್ಕೆ ಭಾಷ್ಯದಂತಿದೆ. 1970ರ ದಶಕದಲ್ಲಿ ಬೆಸ್ತರ ಸಹಕಾರ ಸಂಘಗಳಿಗೆ ಸರೋವರದ ಅಂಗಳದಲ್ಲಿಯೇ ಮೀನುಹೊಂಡಗಳನ್ನು ಕಟ್ಟಲು ಅವಕಾಶ ದೊರೆಯಿತು. ಬರಬರುತ್ತ ಹಣವುಳ್ಳವರ ಹೊಂಡಗಳೂ ಎದ್ದುವು. ಅವುಗಳ ಏರಿಗಳು ನೀರಿನ ಹಾದಿಗೆ ಅಡ್ಡವಾದುವು. ಸಮುದ್ರಮಟ್ಟದಿಂದ ಐದು ಅಡಿ ಎತ್ತರದ ರೇಖೆಯವರೆಗಿನ ಸುಮಾರು 308 ಚದರ ಕಿಲೋಮೀಟರ್ ಪ್ರದೇಶವು 1999ರಲ್ಲಿ ವನ್ಯಜೀವಿಧಾಮವೆನಿಸಿತು. 2002ರಲ್ಲಿ ಸರೋವರವು ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿತು. 2006ರಲ್ಲಿ ಸರ್ಕಾರವು ಹೊಂಡಗಳನ್ನು ಒಡೆಸಿತು. ಅನಂತರ ಹಲವೆಡೆ ಅವು ಮತ್ತೆ ತಲೆಯೆತ್ತಿದುವು. ಕೊಲ್ಲೇರು ಬಹುಕಾಲ ಕೃಷ್ಣಾ ಮತ್ತು ಪಶ್ಚಿಮ ಗೋದಾವರಿ ಎಂಬ ಎರಡು ಜಿಲ್ಲೆಗಳ ಗಡಿಯಲ್ಲಿತ್ತು. 2022ರಲ್ಲಿ ಏಲೂರು ಜಿಲ್ಲೆ ರಚಿತವಾದ ಮೇಲೆ ಅದರ ಬಹುಭಾಗ ಒಂದೇ ಜಿಲ್ಲೆಗೆ ಸೇರಿತು. ಆದರೆ ಕೃಷಿ, ಮೀನುಗಾರಿಕೆ, ನೀರಾವರಿ, ಅರಣ್ಯ ಎಂಬ ಇಲಾಖೆಗಳ ಗಡಿಗಳು ಅದರ ನಡುವೆಯೇ ಹಾದುಹೋಗುತ್ತವೆ. ಈ ಒಂದು ವಿಷಯದಲ್ಲಿ ಶಾಸನಕಾರನ ದೃಷ್ಟಿ ಆರು ಶತಮಾನಗಳನ್ನು ದಾಟಿದುದೆಂದು ಒಪ್ಪಲೇಬೇಕು.

ಹದಿನಾಲ್ಕನೆಯ ಶತಮಾನದಲ್ಲಿ ರಾಸಾಯನಿಕ ಗೊಬ್ಬರವೇ ಇರಲಿಲ್ಲ. ಇಲ್ಲದುದನ್ನು ಹೇಳಲಿಲ್ಲವೆಂದು ಕವಿಯನ್ನು ದೂರುವುದು ನ್ಯಾಯವೆ ಎಂಬ ಶಂಕೆ ಏಳಬಹುದು. ಗೊಬ್ಬರವಿಲ್ಲದಿದ್ದರೂ ಹೂಳು ಇದ್ದೇ ಇತ್ತು. ಹೂಳು ವರ್ಷವರ್ಷವೂ ಬರುವ ದೋಷ. ಕಟ್ಟುವವನ ಜಾಣತನವೊಂದರಿಂದಲೇ ಅದು ತಪ್ಪುವುದಿಲ್ಲ. ಅದನ್ನೂ ಶಾಸನ ಎಣಿಸಿಲ್ಲ. ಕಾರಣ ಕವಿಯ ಅಜ್ಞಾನವಲ್ಲ, ಪ್ರಶಸ್ತಿಯೆಂಬ ಕಾವ್ಯರೂಪದ ಮಿತಿ. ಪ್ರಶಸ್ತಿ ದಾತೃವಿನ ಪುಣ್ಯವನ್ನು ಹಾಡುತ್ತದೆ. ಕೆರೆ ಮುಗಿದ ದಿನವೇ ಆ ಪುಣ್ಯ ಪೂರ್ಣವಾಗುತ್ತದೆ. ಮರುದಿನದಿಂದ ಕೆರೆಯನ್ನು ಕಾಯುವವನು ಅದರ ನಾಯಕನಲ್ಲ.

ಆ ಮರುದಿನದ ಮಾತನ್ನು ತಿಳಿಯಬೇಕಾದರೆ ಕನ್ನಡ ನಾಡಿನ ಚಿಕ್ಕ ದಾನಶಾಸನಗಳತ್ತ ತಿರುಗಬೇಕು. ಬಿತ್ತುವಟ್ಟ, ದಸವಂದ, ಕಟ್ಟುಗೊಡಗೆ, ಕೆರೆಬಂಡಿ: ಈ ಶಬ್ದಗಳಲ್ಲಿ ಅಲಂಕಾರವಿಲ್ಲ. ಆದರೆ ಕೆರೆಯನ್ನು ಉಳಿಸಲು ಬೆಳೆಯ ಪಾಲೆಷ್ಟು, ನೆಲವೆಷ್ಟು, ಹೂಳೆತ್ತುವ ಬಂಡಿಗೆ ವೆಚ್ಚ ಯಾರದು ಎಂಬ ಲೆಕ್ಕವಿದೆ. ತಮಿಳು ಶಾಸನಗಳಲ್ಲಿ ‘ಪಾಸಿಪಾಟ್ಟಂ’ ಎಂಬ ಮೀನಿನ ಗುತ್ತಿಗೆಯ ಆದಾಯವನ್ನು ಕೆರೆಯ ಹೂಳೆತ್ತುವುದಕ್ಕೇ ಬಿಟ್ಟ ಉಲ್ಲೇಖಗಳಿವೆ. ಕೆರೆಯಿಂದ ಪಡೆದುದರ ಒಂದಂಶ ಕೆರೆಗೆ ಮರಳಬೇಕೆಂಬುದೇ ಇವೆಲ್ಲದರ ತತ್ತ್ವ. ಬಸಿಗಾಲುವೆಯ ಬಾಯಲ್ಲಿ ನೀರನ್ನು ಸೋಸಲು ಹುಲ್ಲುಜೊಂಡಿನ ಪಟ್ಟಿಯನ್ನು ಬಿಡುವುದು, ಮೀನು ಮೊಟ್ಟೆಯಿಡುವ ಕಾಲದಲ್ಲಿ ಬಲೆಯನ್ನು ನಿಲ್ಲಿಸುವುದು: ಇವು ಅದೇ ತತ್ತ್ವದ ಇಂದಿನ ರೂಪಗಳು.

ಪೋರುಮಾಮಿಳ್ಳ ಶಾಸನದ ಪದ್ಯಗಳು ಕೆರೆ ಕಟ್ಟುವವನಿಗೆ ಇಂದಿಗೂ ಪಾಠವಾಗಬಲ್ಲವು. ಆದರೆ ಕೆರೆಯ ದೋಷಗಳು ಆರೇ ಎಂದು ನಂಬಿದವನು, ದೋಷವೆಲ್ಲ ನೆಲದಲ್ಲಿದೆ, ಕಲ್ಲಿನಲ್ಲಿದೆ, ತನ್ನ ಕೈಯಲ್ಲಿ ಇಲ್ಲವೆಂದು ನೆಮ್ಮದಿಯಿಂದಿರುವನು. ಬಳಸುವವನು ತೆಗೆದುಕೊಂಡು ಹಿಂದಕ್ಕೆ ಕೊಡದಿರುವುದು ಏಳನೆಯ ದೋಷ. ಕೊಲ್ಲೇರನ್ನು ಬಾಧಿಸುತ್ತಿರುವುದು ಅದೇ.