ಏಪ್ರಿಲ್‌ಗೆ ಗೊತ್ತಿದ್ದದ್ದು ಜೂನ್‌ಗೆ ಯಾಕೆ ಗೊತ್ತಿರಲ್ಲ?

ನಮ್ಮ ಆಫೀಸುಗಳಲ್ಲಿ ಯಾರಾದರೂ ಕೆಲಸ ಬಿಡ್ತೀನಿ ಅಂದ ದಿನದಿಂದ ಒಂದು ಶಬ್ದ ಕಿವಿಗೆ ಬೀಳೋಕೆ ಶುರುವಾಗುತ್ತೆ: ‘ಕೆಟಿ’. ನಾಲೆಜ್ ಟ್ರಾನ್ಸ್‌ಫರ್. ಹೋಗುವವನ ತಲೆಯಲ್ಲಿರೋದನ್ನೆಲ್ಲ ಬರೆಸಿಕೊಂಡು, ಮುಂದೆ ಬರುವವನ ಜೊತೆ ನಾಲ್ಕು ದಿನ ಕೂರಿಸಿ, ಆಮೇಲೇ ಬಿಡುಗಡೆ. ಒಂದು ಸಾಫ್ಟ್‌ವೇರ್ ಮಾಡ್ಯೂಲಿಗೆ ಇಷ್ಟು ಮರ್ಯಾದೆ ಇದೆ. ಒಂದು ಮಗುವಿನ ಬಗ್ಗೆ ಹತ್ತು ತಿಂಗಳು ಕೂತು ತಿಳಿದುಕೊಂಡದ್ದಕ್ಕೆ ನಮ್ಮ ಶಾಲೆಗಳಲ್ಲಿ ಇಷ್ಟೂ ಮರ್ಯಾದೆ ಇಲ್ಲ ಅನ್ನೋದು ನನ್ನ ತಕರಾರು.

ಕ್ಯಾಲೆಂಡರ್ ನೋಡಿ. ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಏಪ್ರಿಲ್ 10ರ ಸುಮಾರಿಗೆ ‘ಸಮುದಾಯದತ್ತ ಶಾಲೆ’, ಪೋಷಕರನ್ನು ಕರೆದು ಫಲಿತಾಂಶ ಹೇಳುವ ದಿನ. 2024ರಲ್ಲೂ 2025ರಲ್ಲೂ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಒಟ್ಟು 48 ದಿನ. ಬಾಗಿಲು ತೆಗೆದ ಮೇಲೆ ‘ಸೇತುಬಂಧ’. ಅಂದರೆ ಮಕ್ಕಳಿಗೆ ಹಿಂದಿನ ತರಗತಿಯದು ಎಷ್ಟು ಬರುತ್ತೆ ಅಂತ ಪರೀಕ್ಷೆ ಮಾಡಿ, ಬರದೇ ಇರೋದನ್ನ ಕೆಲವು ದಿನ ಕಲಿಸೋದು. ಒಳ್ಳೆಯ ಯೋಚನೆಯೇ. ಆದರೆ ಒಂದು ಪ್ರಶ್ನೆ: ಅದೇ ಕಾಂಪೌಂಡಿನೊಳಗೆ, ಪಕ್ಕದ ಕೋಣೆಯಲ್ಲಿ ಪಾಠ ಮಾಡೋ ಟೀಚರಿಗೆ ಏಪ್ರಿಲ್‌ನಲ್ಲೇ ಗೊತ್ತಿದ್ದದ್ದನ್ನ ಜೂನ್‌ನಲ್ಲಿ ಹೊಸದಾಗಿ ಯಾಕೆ ಕಂಡುಹಿಡೀಬೇಕು?

ಉತ್ತರ ಸುಲಭ. ಯಾರೂ ಕೇಳಿರಲ್ಲ. ಹೆಡ್‌ಮಾಷ್ಟ್ರ ಕೊನೆಯ ಹದಿನೈದು ದಿನ ಬಿಸಿಯೂಟದ ಲೆಕ್ಕ, ಹಾಜರಾತಿ ಕ್ರೋಢೀಕರಣ, ಅನುದಾನದ ಬಳಕೆ ಪ್ರಮಾಣಪತ್ರ, ಸ್ಯಾಟ್ಸ್ ತಂತ್ರಾಂಶಕ್ಕೆ ಅಂಕ ತುಂಬೋದು, ಇದರಲ್ಲೇ ಕರಗುತ್ತೆ. ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತ ಇರಲ್ಲ, ಹೆಡ್‌ಮಾಷ್ಟ್ರೇ ಗುಮಾಸ್ತ. ಚುನಾವಣೆ ಬಂದರಂತೂ ಮುಗೀತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮ್ಮು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತೆ, ಆದರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ವಿನಾಯಿತಿ ಕೊಡುತ್ತೆ. 2024ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಸೇರುವ ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಮತದಾನ ನಡೆದದ್ದು ಏಪ್ರಿಲ್ 26ರಂದು. ವರ್ಷ ಮುಗಿಯೋ ಹೊತ್ತು, ಚುನಾವಣೆಯ ತಯಾರಿ, ಎರಡೂ ಒಂದೇ ಸಲ.

ಹೈಸ್ಕೂಲಿನ ಹೆಡ್‌ಮಾಷ್ಟ್ರಿಗೆ ಇನ್ನೊಂದು ಭಾರ. ಇಲಾಖೆ ಅವರನ್ನು ಕೇಳೋದು ಒಂದೇ ನಂಬರು, ಎಸ್‌ಎಸ್‌ಎಲ್‌ಸಿ ಶೇಕಡಾವಾರು. ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳೀತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಆ ನಂಬರಿನ ಹಿಂದೆ ಓಡುವವರಿಗೆ 8ನೇ ತರಗತಿಗೆ ಯಾವ ಮಗು ಬಂತು, ಯಾವುದು ಬರಲಿಲ್ಲ ಅಂತ ನೋಡೋಕೆ ಪುರುಸೊತ್ತೆಲ್ಲಿ?

ಮೇಲೂರಿನ ಹೆಸರು ತೆಗೆದದ್ದಕ್ಕೆ ಕಾರಣ ಇದೆ. ಅದು ರೇಷ್ಮೆ ಸೀಮೆ. ವಿಮಾನ ನಿಲ್ದಾಣ ದಾಟಿ ಆ ಕಡೆ ಹೋದರೆ ಹಿಪ್ಪುನೇರಳೆ ತೋಟ, ಹುಳುಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಅಲ್ಲಿನ ರೈತರಲ್ಲಿ ಅನೇಕರು ಈಗ ಮೊಟ್ಟೆ ತಂದು ತಾವೇ ಮರಿ ಮಾಡಲ್ಲ. ಚಾಕಿ ಕೇಂದ್ರದಲ್ಲಿ ಎರಡನೇ ಜ್ವರದವರೆಗೆ ಬೆಳೆಸಿದ ಹುಳು ತರ್ತಾರೆ. ತರುವಾಗ ಸುಮ್ಮನೆ ತಟ್ಟೆ ಎತ್ತಿಕೊಂಡು ಬರಲ್ಲ. ಯಾವ ತಳಿ, ಎಷ್ಟು ಮೊಟ್ಟೆ, ಚಾಕಿ ಕಟ್ಟಿದ್ದು ಯಾವತ್ತು, ಜ್ವರದಿಂದ ಎದ್ದಿದ್ದು ಯಾವಾಗ, ಎಲ್ಲ ಕೇಳ್ಕೊಂಡೇ ಬರೋದು. ಕೇಳದೆ ತಂದರೆ ಬೆಳೆ ಹೋಗುತ್ತೆ ಅಂತ ಗೊತ್ತು. ಅದೇ ರೈತನ ಮಗಳು 3ನೇ ತರಗತಿಯಿಂದ 4ಕ್ಕೆ ಹೋಗುವಾಗ ಕೇಳೋರಿಲ್ಲ. 3ರವರೆಗೆ ನಲಿಕಲಿ, ಅಂದರೆ ಕಾರ್ಡು, ಮೆಟ್ಟಿಲು, ನೆಲದ ಮೇಲೆ ಗುಂಪಾಗಿ ಕೂತು ತನ್ನದೇ ವೇಗದಲ್ಲಿ ಕಲಿಯೋದು. 4ಕ್ಕೆ ಬಂದ ಕೂಡಲೇ ಪುಸ್ತಕ, ಬೋರ್ಡು. ಮಗು ಸೋಲೋದು ಇಂಥ ತಿರುವುಗಳಲ್ಲೇ.

ಹಾಗಾದ್ರೆ ಹೆಡ್‌ಮಾಷ್ಟ್ರು ಏನು ಮಾಡ್ಬೇಕು? ಹೊಸ ಯೋಜನೆ ಬೇಡ, ಹೊಸ ನಮೂನೆಯಂತೂ ಬೇಡವೇ ಬೇಡ. ಏಪ್ರಿಲ್ 10ಕ್ಕೆ ಮುಂಚೆ ಒಂದು ಮಧ್ಯಾಹ್ನ, ಈ ವರ್ಷದ ಟೀಚರ್ ಮತ್ತು ಮುಂದಿನ ವರ್ಷದ ಟೀಚರ್ ಇಬ್ಬರನ್ನೂ ಹಾಜರಿ ಪುಸ್ತಕ ಮುಂದಿಟ್ಟು ಕೂರಿಸಲಿ. ಒಂದೊಂದು ಹೆಸರಿಗೂ ಎರಡು ನಿಮಿಷ. 30 ಮಕ್ಕಳಿದ್ದರೆ ಒಂದು ಗಂಟೆ. ‘ಓದಕ್ಕೆ ಬರುತ್ತೆ, ಜೋರಾಗಿ ಓದು ಅಂದರೆ ಹೆದರ್ತಾಳೆ.’ ‘ಕಳೆಯೋ ಲೆಕ್ಕದಲ್ಲಿ ದಶಕ ತಗೊಳ್ಳೋದು ಇನ್ನೂ ಬರಲ್ಲ.’ ‘ಮನೇಲಿ ತೆಲುಗು, ಕನ್ನಡದ ಪ್ರಶ್ನೆ ಅರ್ಥ ಆಗಲ್ಲ, ಬಿಡಿಸಿ ಹೇಳಿದರೆ ಉತ್ತರ ಹೇಳ್ತಾನೆ.’ ಈ ಕಡೆಯದು ಆ ಗಡಿ ಸೀಮೆಯಲ್ಲಿ ಸಣ್ಣ ವಿಷಯ ಅಲ್ಲ. ಸ್ಯಾಟ್ಸ್‌ನಲ್ಲಿ ಆ ಹುಡುಗನ ಮುಂದೆ ಬೀಳೋದು ಒಂದು ಗ್ರೇಡು ಅಷ್ಟೆ.

ಇದರಲ್ಲೊಂದು ಅಪಾಯ ಇದೆ, ಒಪ್ತೀನಿ. ಕೈಬದಲು ಅನ್ನೋದು ಚಾಡಿ ಆಗಿಬಿಡಬಹುದು. ‘ಅವನು ದಡ್ಡ’, ‘ಅವರ ಮನೆಯವರೇ ಹಾಗೆ’ ಅನ್ನೋ ಹಣೆಪಟ್ಟಿ ಏಳನೇ ಕ್ಲಾಸಿನವರೆಗೂ ಹಿಂಬಾಲಿಸುತ್ತೆ. ಜಾತಿ ಗೊತ್ತಿರೋ ಊರುಗಳಲ್ಲಿ ಇನ್ನೂ ಸುಲಭವಾಗಿ. ಹೆಡ್‌ಮಾಷ್ಟ್ರು ಅಲ್ಲಿ ಕೂತಿರಬೇಕಾದ್ದು ಇದಕ್ಕೇ. ಮಗು ಎಂಥದ್ದು ಅನ್ನೋದು ಬೇಡ, ಏನು ಬರುತ್ತೆ, ಏನು ಬರಲ್ಲ, ಏನು ಮಾಡಿದಾಗ ಬಂತು, ಈ ಮೂರೇ ಹೇಳಿ ಅಂತ ಗೆರೆ ಎಳೀಬೇಕು.

ಎರಡನೇ ಕೆಲಸ 7ನೇ ತರಗತಿಯದು. ವರ್ಗಾವಣೆ ಪತ್ರ ಕೈಗಿಟ್ಟರೆ ಶಾಲೆಯ ಲೆಕ್ಕ ಚುಕ್ತಾ. ಆ ಪತ್ರ ಇನ್ನೊಂದು ಶಾಲೆ ಮುಟ್ಟಿತಾ? ನಡುವೆ 48 ದಿನ ಇದೆ. ಹುಳು ಕೊನೇ ಜ್ವರದಿಂದ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕ್ಬೇಕು, ಮನೆಯ ಎಲ್ಲ ಕೈಗಳೂ ಬೇಕು. 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದ 2016ರ ತಿದ್ದುಪಡಿಯೇ, ಅಪಾಯಕಾರಿಯಲ್ಲದ ಮನೆ ಕಸುಬಿಗೆ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಕೈಜೋಡಿಸಬಹುದು ಅಂತ ಬಾಗಿಲು ತೆರೆದಿಟ್ಟಿದೆ. ರಜೆಯ ಕೆಲಸ ರಜೆಗೇ ಮುಗಿದರೆ ಸರಿ. ಮುಗಿಯದ ಮನೆಗಳೂ ಇರ್ತವೆ. ಏಪ್ರಿಲ್-ಮೇ ಮದುವೆಗಳ ಕಾಲ ಬೇರೆ. ಹೈಸ್ಕೂಲು ದೂರ ಅಂತ ಹುಡುಗಿಯನ್ನು ಮನೇಲಿ ಕೂರಿಸೋಕೆ ಅದೇ ನೆಪ ಸಾಕು. ಯಾವ ಐದು ಮಕ್ಕಳು ಜೂನ್‌ನಲ್ಲಿ ಕಾಣದೆ ಹೋಗಬಹುದು ಅನ್ನೋದು ಹೆಡ್‌ಮಾಷ್ಟ್ರಿಗೆ ಏಪ್ರಿಲ್‌ನಲ್ಲೇ ಗೊತ್ತಿರುತ್ತೆ. ಆ ಐದು ಹೆಸರು ಹೈಸ್ಕೂಲಿನ ಹೆಡ್‌ಮಾಷ್ಟ್ರಿಗೆ ಕೊಟ್ಟು, ಜೂನ್ ಮೊದಲ ವಾರ ಒಂದು ಫೋನು. ‘ಬಂದ್ಲಾ?’ ಅಂತ ಕೇಳೋದಕ್ಕೆ ಸುತ್ತೋಲೆ ಬೇಕಿಲ್ಲ.

ಖಾಸಗಿ ಶಾಲೆಗಳವರು ಇದು ನಮ್ಮ ಸಮಸ್ಯೆ ಅಲ್ಲ ಅಂತ ನಗಬೇಡಿ. ನಿಮ್ಮ ಪ್ರಿನ್ಸಿಪಾಲರ ಕೊನೆಯ ತಿಂಗಳು ಹೊಸ ಅಡ್ಮಿಷನ್ನಿಗೂ ಫೀಸಿಗೂ ಹೋಗುತ್ತೆ. ಮಗುವಿನ ಟೀಚರ್ ಮಾರ್ಚ್‌ನಲ್ಲಿ ಕೆಲಸ ಬಿಟ್ಟರೆ, ಆಕೆ ಕಂಡುಕೊಂಡದ್ದೂ ಆಕೆಯ ಜೊತೆಗೇ ಗೇಟು ದಾಟುತ್ತೆ.

ಓದುತ್ತಿರುವ ನಿಮಗೂ ಒಂದು ಮಾತು. ಪ್ರತಿ ಬೇಸಿಗೆಯಲ್ಲೂ ನಮ್ಮ ಕಂಪನಿಗಳ ಸಿಎಸ್‌ಆರ್ ತಂಡಗಳು ಟೀ-ಶರ್ಟ್ ಹಾಕ್ಕೊಂಡು ಹಳ್ಳಿ ಶಾಲೆಗಳ ಗೋಡೆಗೆ ಬಣ್ಣ ಬಳಿಯೋಕೆ ಹೋಗ್ತವೆ. ಖಾಲಿ ಶಾಲೆ, ಚೆಂದದ ಫೋಟೋ. ಈ ಸಲ ಮಾರ್ಚ್ ಕೊನೆಗೆ ಹೋಗಿ. ಬ್ರಷ್ ಬೇಡ, ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗಿ. ಹೆಡ್‌ಮಾಷ್ಟ್ರು ಒಪ್ಪಿದರೆ ಬಿಸಿಯೂಟದ ಲೆಕ್ಕ, ಹಾಜರಾತಿಯ ಮೊತ್ತ ಎರಡು ದಿನ ನೀವು ಮಾಡಿಕೊಡಿ, ನಮಗೆ ಬರೋ ಕೆಲಸ ಅದೇ ತಾನೆ? ಆ ಎರಡು ದಿನ ಅವರು ತಮ್ಮ ಟೀಚರ್‌ಗಳ ಜೊತೆ ಹಾಜರಿ ಪುಸ್ತಕ ತೆರೆದು ಕೂರಲಿ.